ಗಾಡಿಯ ಗಾಜಿಗೆ ಹೊಸ ರಬ್ಬರು



ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ಹಾದಿಯ ಬದಿಗೆ ಅರ್ಧ ತಾಸು ನಿಂತು ನೋಡಿರಿ. ಸ್ವಾಮಿ ಸಮರ್ಥರ ದರ್ಶನಕ್ಕೆ ಹೊರಟ ಪುಣೆ, ಮುಂಬಯಿಯ ಕಾರುಗಳು, ಎಸ್.ಟಿ. ಬಸ್ಸು, ಹಳ್ಳಿಯ ಮಂದಿಯನ್ನು ತುಂಬಿಕೊಂಡ ವಡಾಪ್ ಜೀಪು, ಅಪರೂಪಕ್ಕೆ ಮೇಲಿನ ಟಪ್ಪು ಮಡಚಿಟ್ಟ ಒಂದು ಜಿಪ್ಸಿ ಅಥವಾ ಥಾರ್. ಗಾಡಿ ಯಾವುದೇ ಇರಲಿ, ಅದರ ಬಾಗಿಲು ಮತ್ತು ಗಾಜಿನ ಸುತ್ತ ಒಂದು ಕರಿ ರಬ್ಬರಿನ ಪಟ್ಟಿ ಇದ್ದೇ ಇರುತ್ತದೆ. ಗ್ಯಾರೇಜಿನಲ್ಲಿ ಅದಕ್ಕೆ ಬೀಡಿಂಗ್ ಎನ್ನುತ್ತಾರೆ. ಗಾಡಿ ತೊಳೆಯುವಾಗ ಅದನ್ನು ಯಾರೂ ನೋಡುವುದಿಲ್ಲ. ಮಳೆಯ ನೀರು ತೊಡೆಯ ಮೇಲೆ ಬಿದ್ದಾಗ ಮಾತ್ರ ನೆನಪಾಗುತ್ತದೆ.

"ಕಾಕಾ, ಕಾಚ ಪೂರ್ತಿ ಏರಿಸೀರಿ, ಆದ್ರೂ ನೀರ ಒಳಗ ಹೆಂಗ ಬರಾಕತ್ತೈತ್ರಿ?" ಎಂದು ಜೀಪಿನ ಚಾಲಕನನ್ನು ಕೇಳಿದರೆ ಬರುವ ಉತ್ತರ ಹೀಗಿರುತ್ತದೆ: "ರಬ್ಬರ ಸತ್ತೈತಿ ತಮ್ಮಾ."

ರಬ್ಬರು ಸಾಯುವುದು ಅಂದರೇನು? ಪಟ್ಟಿ ಅಲ್ಲೇ ಇದೆ, ಹರಿದಿಲ್ಲ, ಕಳಚಿ ಬಿದ್ದಿಲ್ಲ. ಆದರೂ ನೀರು ಬರುತ್ತದೆ. ಕಾಕಾನ ಮಾತು ವಿಜ್ಞಾನಕ್ಕೆ ಬಹಳ ಹತ್ತಿರ ಇದೆ. ಇದನ್ನು ತಿಳಿದುಕೊಂಡರೆ ಹಳೆಯ ಪಟ್ಟಿ ತೆಗೆದು ಹೊಸದು ಹಾಕುವ ಕೆಲಸವನ್ನು ಮನೆಯಲ್ಲೇ, ಅಪ್ಪ ಅಥವಾ ಅಣ್ಣನ ಜೊತೆ ಕೂತು ಮಾಡಬಹುದು. ದಿನದ ಗಳಿಕೆಯ ಮೇಲೆ ನಡೆಯುವ ಮನೆಯಲ್ಲಿ ಗಾಡಿ ಒಂದು ದಿನ ಗ್ಯಾರೇಜಿನಲ್ಲಿ ನಿಂತರೆ ಆ ದಿನದ ಗಳಿಕೆ ಹೋದಂತೆ. ಅದಕ್ಕೇ ಈ ಪಾಠ.

ಗೋಡೆಯಲ್ಲ, ಸ್ಪ್ರಿಂಗು

ರಬ್ಬರಿನ ಪಟ್ಟಿ ಗೋಡೆಯಂತೆ ಅಡ್ಡ ನಿಂತು ನೀರು ತಡೆಯುತ್ತದೆ ಎಂದು ನಾವು ತಿಳಿದಿರುತ್ತೇವೆ. ಹಾಗಿದ್ದರೆ ಕಟ್ಟಿಗೆಯ ಪಟ್ಟಿಯೂ ಸಾಕಾಗುತ್ತಿತ್ತು. ಬಾಗಿಲ ತಗಡು ಮತ್ತು ಗಾಜು ಎಷ್ಟೇ ನುಣುಪು ಕಂಡರೂ ಅವುಗಳ ನಡುವಿನ ಸಂದು ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಒಂದು ಕಡೆ 10 ಮಿಲಿಮೀಟರ್ ಇದ್ದರೆ ಇನ್ನೊಂದು ಕಡೆ 12. ಗಾಡಿ ತಗ್ಗಿನಲ್ಲಿ ಕುಲುಕಿದಾಗ ಆ ಸಂದು ಮತ್ತೆ ಬದಲಾಗುತ್ತದೆ. ರಬ್ಬರು ಸಂದಿನ ಅಗಲಕ್ಕಿಂತ ಸ್ವಲ್ಪ ದಪ್ಪ ಇರುತ್ತದೆ. ಬಾಗಿಲು ಹಾಕಿದಾಗ ಅದು ಒತ್ತಿಹೋಗಿ, ತಿರುಗಿ ಹೊರಗೆ ಒತ್ತುತ್ತದೆ. ಸಂದು ಹಿಗ್ಗಿದರೆ ತಾನೂ ಹಿಗ್ಗಿ ಅಂಟಿಕೊಂಡೇ ಇರುತ್ತದೆ. ನೀರು ತಡೆಯುವುದು ಈ ಮರು-ಒತ್ತಡ. ಪುಸ್ತಕದಲ್ಲಿ ಇದಕ್ಕೆ ಸ್ಥಿತಿಸ್ಥಾಪಕತ್ವ ಎಂದು ದೊಡ್ಡ ಹೆಸರಿದೆ.

ಈ ಮರು-ಒತ್ತಡ ಹೋದ ದಿನ ರಬ್ಬರು ಸತ್ತಂತೆ. ಎಷ್ಟು ಸತ್ತಿದೆ ಎಂದು ಅಳೆಯಲಿಕ್ಕೂ ಬರುತ್ತದೆ. ಬಾಗಿಲಿನ ಕೊಳವೆಯಾಕಾರದ ಬೀಡಿಂಗ್ ಹೊಸದಿದ್ದಾಗ 16 ಮಿಲಿಮೀಟರ್ ದಪ್ಪ ಇತ್ತು ಅನ್ನಿರಿ. ಬಾಗಿಲು ಹಾಕಿದಾಗ ಒತ್ತಿಹೋಗಿ 12 ಆಗುತ್ತದೆ. ಅಂದರೆ 4 ಮಿಲಿಮೀಟರ್ ಕುಗ್ಗುತ್ತದೆ. ಕೆಲವು ವರ್ಷದ ಮೇಲೆ ಬಾಗಿಲು ತೆರೆದು ಅಳೆದರೆ 15 ಇದೆ. ಮರಳಿ ಬಾರದೆ ಉಳಿದದ್ದು 1 ಮಿಲಿಮೀಟರ್, ಕುಗ್ಗಿದ್ದು 4. ಹಾಗಾದರೆ 4ರಲ್ಲಿ 1, ಶೇಕಡಾ 25 ಭಾಗ ಚಪ್ಪಟೆಯಾಗಿ ಉಳಿದಿದೆ. ಅದೇ 13 ಇದ್ದರೆ ಶೇಕಡಾ 75. ರಬ್ಬರಿನ ಕಾರ್ಖಾನೆಗಳ ಪ್ರಯೋಗಶಾಲೆಗಳಲ್ಲಿ ಇದೇ ಲೆಕ್ಕದಿಂದ ಮಾಲಿನ ಗುಣ ಪರೀಕ್ಷಿಸುತ್ತಾರೆ. ನಿಮಗೆ ಒಂದು ವರ್ನಿಯರ್ ಕ್ಯಾಲಿಪರ್ ಇದ್ದರೆ ಸಾಕು, ಸಾಲಿಯ ಪ್ರಯೋಗಾಲಯದ್ದೇ ಆದೀತು. ಆದರೆ ಅಳೆಯುವಾಗ ಕ್ಯಾಲಿಪರಿನ ದವಡೆಯಿಂದ ರಬ್ಬರನ್ನು ಒತ್ತಬೇಡಿರಿ. ಒತ್ತಿದರೆ ಅಳತೆಯೇ ತಪ್ಪುತ್ತದೆ.

ಟಪ್ಪು ತೆಗೆಯುವ ಗಾಡಿಯ ಕಷ್ಟ

ಸಾಮಾನ್ಯ ಕಾರಿನಲ್ಲಿ ಗಾಜಿನ ಸುತ್ತ ಉಕ್ಕಿನ ಚೌಕಟ್ಟು ಇರುತ್ತದೆ. ಗಾಜು ಮೇಲೇರುವಾಗ ಆ ಚೌಕಟ್ಟಿನೊಳಗಿನ ಕಾಲುವೆಯಂಥ ರಬ್ಬರಿನಲ್ಲಿ ಜಾರುತ್ತ ಹೋಗಿ ಕೂಡುತ್ತದೆ. ಮೇಲ್ಛಾವಣಿಯನ್ನು ಮಡಚಿ ಇಡುವ ಕಾರುಗಳಲ್ಲಿ, ಅಂದರೆ ಕನ್ವರ್ಟಿಬಲ್ ಕಾರುಗಳಲ್ಲಿ, ಬಹಳಷ್ಟಕ್ಕೆ ಈ ಚೌಕಟ್ಟೇ ಇಲ್ಲ. ಛಾವಣಿ ಹೋದಮೇಲೆ ಬರೀ ಚೌಕಟ್ಟು ನಿಂತಿದ್ದರೆ ಚೆಂದ ಕಾಣುವುದಿಲ್ಲವೆಂದು ತೆಗೆದುಬಿಟ್ಟಿದ್ದಾರೆ. ಹಾಗಾಗಿ ಗಾಜಿನ ಮೇಲಂಚು ಬಟ್ಟೆಯ ಛಾವಣಿಗೆ ಅಂಟಿಸಿದ ರಬ್ಬರಿಗೆ ನೇರವಾಗಿ ಹೋಗಿ ಒತ್ತುತ್ತದೆ. ಆಸರೆಗೆ ಬೇರೆ ಏನೂ ಇಲ್ಲ. ಇಂಥ ಹಲವು ಕಾರುಗಳಲ್ಲಿ ಬಾಗಿಲ ಹಿಡಿಕೆ ಎಳೆದ ಕೂಡಲೇ ಗಾಜು ತಾನೇ ಬೆರಳಿನಷ್ಟು ಕೆಳಗಿಳಿದು, ಬಾಗಿಲು ಹಾಕಿದಮೇಲೆ ಮತ್ತೆ ಏರುತ್ತದೆ. ಪ್ರತಿಸಲ ರಬ್ಬರನ್ನು ತಿಕ್ಕಿ ಹರಿಯಬಾರದೆಂದು ಈ ಉಪಾಯ.

ಈಗ ಗಾಳಿಯ ಲೆಕ್ಕ ನೋಡ್ರಿ. ಗಾಡಿ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿದ್ದರೆ ಅದು ಸೆಕೆಂಡಿಗೆ ಸುಮಾರು 22 ಮೀಟರ್ ಆಯಿತು. ಗಾಳಿಯ ಸಾಂದ್ರತೆ ಘನ ಮೀಟರಿಗೆ 1.2 ಕಿಲೋಗ್ರಾಮ್ ಎಂದು ಹಿಡಿಯಿರಿ. ಅರ್ಧ ಗುಣಿಲೆ ಸಾಂದ್ರತೆ ಗುಣಿಲೆ ವೇಗದ ವರ್ಗ, ಈ ಸೂತ್ರದಿಂದ ಸುಮಾರು 300 ಪ್ಯಾಸ್ಕಲ್ ಒತ್ತಡ ಬರುತ್ತದೆ. ಓಡುವ ಗಾಡಿಯ ಪಕ್ಕದಲ್ಲಿ ಗಾಳಿ ವೇಗವಾಗಿ ಸರಿಯುವುದರಿಂದ ಹೊರಗೆ ಒತ್ತಡ ಕಡಿಮೆ, ಒಳಗೆ ಹೆಚ್ಚು. ಈ ವ್ಯತ್ಯಾಸ ಹೆಚ್ಚೂಕಡಿಮೆ ಅದೇ 300 ಪ್ಯಾಸ್ಕಲ್ ಎಂದು ತಿಳಿದರೆ, 0.3 ಚದರ ಮೀಟರಿನ ಗಾಜಿನ ಮೇಲೆ 90 ನ್ಯೂಟನ್ ಬಲ ಹೊರಗೆ ಎಳೆಯುತ್ತದೆ. ಸರಿಸುಮಾರು 9 ಕಿಲೋ ತೂಕದ ಒಂದು ಗೋದಿ ಚೀಲವನ್ನು ಗಾಜಿಗೆ ತೂಗುಹಾಕಿದಷ್ಟು. ಚೌಕಟ್ಟಿದ್ದರೆ ಉಕ್ಕು ಆ ಬಲ ತಡೆಯುತ್ತದೆ. ಚೌಕಟ್ಟಿಲ್ಲದ ಗಾಜು ಸ್ವಲ್ಪ ಹೊರಗೆ ವಾಲುತ್ತದೆ, ಆ ಸಂದನ್ನು ತುಂಬುವ ಕೆಲಸ ಪೂರ್ತಿ ರಬ್ಬರಿನದು. ರಬ್ಬರು ಗಟ್ಟಿಯಾಗಿದ್ದರೆ ಸಂದು ಬಿಟ್ಟುಕೊಂಡು 'ಸುಂಯ್' ಎಂದು ಶಿಳ್ಳೆ ಕೇಳುತ್ತದೆ. ಎರೆಮಣ್ಣಿನ ಧೂಳೂ ಅಲ್ಲಿಂದಲೇ ಒಳಗೆ ಬರುತ್ತದೆ. ಬಟ್ಟೆಯ ಟಪ್ಪು ವೇಗದಲ್ಲಿ ಮೇಲೆ ಉಬ್ಬುವುದನ್ನು ನೀವು ಜೀಪಿನಲ್ಲಿ ನೋಡಿರುತ್ತೀರಿ. ಕಾರಣ ಅದೇ.

ಬಿಸಿಲು ಏನು ಮಾಡುತ್ತದೆ

ರಬ್ಬರಿನ ಅಣು ಬಹಳ ಉದ್ದದ ಸರಪಳಿ. ಮಗ್ಗದ ಬಳಿ ನೂಲು ತೊಡಕಾಗಿ ಬಿದ್ದ ಗುಡ್ಡೆಯಂತೆ ಈ ಸರಪಳಿಗಳು ಒಂದರೊಳಗೊಂದು ಸುತ್ತಿಕೊಂಡಿರುತ್ತವೆ. ಎಳೆದರೆ ನೆಟ್ಟಗಾಗುತ್ತವೆ, ಬಿಟ್ಟರೆ ಮತ್ತೆ ಸುರುಳಿಯಾಗುತ್ತವೆ. ಆದರೆ ಹಸಿ ರಬ್ಬರು ಬೇಸಿಗೆಯಲ್ಲಿ ಅಂಟಂಟಾಗಿ, ಚಳಿಯಲ್ಲಿ ಬಿರುಸಾಗಿ ಯಾವ ಉಪಯೋಗಕ್ಕೂ ಬರುತ್ತಿರಲಿಲ್ಲ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಗಂಧಕ ಬೆರೆಸಿ ಕಾಯಿಸಿದರೆ ಈ ದೋಷ ಹೋಗುತ್ತದೆ ಎಂದು ಕಂಡುಕೊಂಡ. ಗಂಧಕವು ಸರಪಳಿಗಳ ನಡುವೆ ಅಲ್ಲಲ್ಲಿ ಗಂಟು ಹಾಕುತ್ತದೆ. ಇದೇ ವಲ್ಕನೀಕರಣ. (ಪಾಪ, ಆತ 1860ರಲ್ಲಿ ಸಾಲದಲ್ಲೇ ಸತ್ತ. ಅವನ ಹೆಸರಿನ ಟೈರ್ ಕಂಪನಿ ಶುರುವಾದದ್ದು 1898ರಲ್ಲಿ, ಅವನಿಗೂ ಅದಕ್ಕೂ ಸಂಬಂಧ ಹೆಸರಿನದಷ್ಟೇ.)

ಆ ಗಂಟುಗಳೇ ರಬ್ಬರಿನ ನೆನಪು. ಒತ್ತಿ ಬಿಟ್ಟಮೇಲೆ ಮೊದಲಿನ ಆಕಾರಕ್ಕೆ ಎಳೆದು ತರುವವು ಅವೇ. ಬಾಗಿಲು ಹಾಕಿ ಬಿಸಿಲಲ್ಲಿ ನಿಂತ ಗಾಡಿಯಲ್ಲಿ ರಬ್ಬರು ಒತ್ತಿದ ಸ್ಥಿತಿಯಲ್ಲೇ ಕಾಯುತ್ತದೆ. ಕೆಲವು ಹಳೆಯ ಗಂಟು ಬಿಚ್ಚುತ್ತವೆ, ಹೊಸ ಗಂಟು ಬೀಳುತ್ತವೆ. ಹೊಸವು ಬೀಳುವುದು ಚಪ್ಪಟೆಯಾದ ಆಕಾರದಲ್ಲಿ. ಆಮೇಲೆ ಬಾಗಿಲು ತೆರೆದರೂ ರಬ್ಬರು ಚಪ್ಪಟೆಯನ್ನೇ ತನ್ನ ಆಕಾರವೆಂದು ತಿಳಿಯುತ್ತದೆ.

ತಾಪಮಾನ ಪ್ರತಿ 10 ಡಿಗ್ರಿ ಏರಿದಾಗ ಇಂಥ ರಾಸಾಯನಿಕ ಕ್ರಿಯೆಗಳ ವೇಗ ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ಒಂದು ಸ್ಥೂಲ ಲೆಕ್ಕ. ಎಪ್ರಿಲ್, ಮೇ ತಿಂಗಳಲ್ಲಿ ಸೊಲ್ಲಾಪುರದ ಗಾಳಿಯೇ 40 ಡಿಗ್ರಿ ದಾಟುತ್ತದೆ. ಆ ಬಿಸಿಲಲ್ಲಿ ಕರಿ ರಬ್ಬರು 60 ಡಿಗ್ರಿಗೂ ಮೇಲೆ ಕಾಯಬಲ್ಲದು. 30 ಡಿಗ್ರಿಗೆ ಹೋಲಿಸಿದರೆ 60 ಡಿಗ್ರಿಯಲ್ಲಿ ಎಂಟು ಪಟ್ಟು ವೇಗ. ಬೇವಿನ ಮರದ ನೆರಳಲ್ಲಿ ಗಾಡಿ ನಿಲ್ಲಿಸುವವರು ಸೀಟು ತಂಪಿರಲಿ ಎಂದು ನಿಲ್ಲಿಸುತ್ತಾರೆ, ರಬ್ಬರಿನ ಆಯುಷ್ಯವೂ ಬೆಳೆಯುತ್ತದೆ.

ಎರಡನೆಯ ವೈರಿ ಓಝೋನ್. ಗಾಳಿಯಲ್ಲಿ ಬಹಳ ಕಡಿಮೆ ಪ್ರಮಾಣದಲ್ಲಿ ಇರುತ್ತದೆ, ಆದರೂ ನೈಸರ್ಗಿಕ ರಬ್ಬರಿಗೆ ಅಷ್ಟೇ ಸಾಕು. ಹತ್ತನೆಯವರು ಇಂಗಾಲದ ಸಂಯುಕ್ತಗಳ ಪಾಠದಲ್ಲಿ ದ್ವಿಬಂಧ ಓದಿದ್ದೀರಿ. ನೈಸರ್ಗಿಕ ರಬ್ಬರಿನ ಸರಪಳಿಯ ಉದ್ದಕ್ಕೂ ಈ ದ್ವಿಬಂಧಗಳಿವೆ. ಓಝೋನ್ ಅಲ್ಲಿಯೇ ಕತ್ತರಿ ಹಾಕುತ್ತದೆ. ಅದರಲ್ಲೂ ಎಳೆದು ಬಿಗಿದ ರಬ್ಬರಾದರೆ ಕತ್ತರಿಸಿದ ಜಾಗ ಬಾಯಿ ಬಿಟ್ಟುಕೊಂಡು ಬಿರುಕಾಗುತ್ತದೆ. ಇದನ್ನು ನೀವೇ ಪರೀಕ್ಷಿಸಬಹುದು. ಒಂದೇ ಪೊಟ್ಟಣದ ಎರಡು ರಬ್ಬರ್‌ಬ್ಯಾಂಡ್ ತಗೊಳ್ಳಿರಿ. ಒಂದನ್ನು ದಪ್ಪ ಬಾಟಲಿಗೆ ಬಿಗಿಯಾಗಿ ಹಾಕಿರಿ, ಇನ್ನೊಂದನ್ನು ಸಡಿಲಾಗಿ ಪಕ್ಕದಲ್ಲಿ ಇಡಿರಿ. ಮಾಳಿಗೆಯ ಮೇಲೆ ಬಿಸಿಲಿಗೆ ಇಟ್ಟು ದಿನಾ ಭೂತಗನ್ನಡಿಯಲ್ಲಿ ನೋಡಿ ಬರೆದಿಡಿರಿ. ಬಿಗಿದದ್ದರ ಮೇಲೆ ಮೊದಲು ಸಣ್ಣ ಗೀರು ಬೀಳುತ್ತವೆ. ಗೀರುಗಳು ಎಳೆದ ದಿಕ್ಕಿಗೆ ಅಡ್ಡಲಾಗಿರುತ್ತವೆ, ಉದ್ದಕ್ಕಲ್ಲ. ಈ ಮಾತು ನೆನಪಿರಲಿ, ಪಟ್ಟಿ ಕೂಡಿಸುವಾಗ ಬೇಕಾಗುತ್ತದೆ.

ಈ ಕಾರಣಕ್ಕೇ ಈಗಿನ ಗಾಡಿಗಳ ಬೀಡಿಂಗನ್ನು ಹೆಚ್ಚಾಗಿ ಇ.ಪಿ.ಡಿ.ಎಂ. ಎಂಬ ಕೃತಕ ರಬ್ಬರಿನಿಂದ ಮಾಡುತ್ತಾರೆ. ಇದರ ಮುಖ್ಯ ಸರಪಳಿಯಲ್ಲಿ ದ್ವಿಬಂಧವೇ ಇಲ್ಲ, ಓಝೋನಿಗೆ ಕತ್ತರಿ ಹಾಕಲು ಜಾಗ ಸಿಗುವುದಿಲ್ಲ. ಕರಿ ಬಣ್ಣ ಬರುವುದು ಅದರಲ್ಲಿ ಬೆರೆಸಿದ ಇಂಗಾಲದ ಪುಡಿಯಿಂದ. ಆ ಪುಡಿ ಅತಿನೇರಳೆ ಕಿರಣಗಳನ್ನು ಹೀರಿ ಒಳಗಿನ ರಬ್ಬರನ್ನು ಕಾಯುತ್ತದೆ. ನೈಸರ್ಗಿಕ ರಬ್ಬರು ಬೇಡವಾಯಿತು ಎಂದು ಅರ್ಥವಲ್ಲ. ದೊಡ್ಡ ಗಾಡಿಗಳ ಟೈರಿಗೆ ಅದೇ ಬೇಕು. ಕೇರಳದಂತೆ ನಮ್ಮ ಕನ್ನಡ ನಾಡಿನ ಸುಳ್ಯ, ಪುತ್ತೂರು ಕಡೆಗೂ ರಬ್ಬರಿನ ತೋಟಗಳಿವೆ. 1964ರ ಒಪ್ಪಂದದ ಮೇಲೆ ಶ್ರೀಲಂಕಾದಿಂದ ಮರಳಿ ಬಂದ ತಮಿಳು ಕುಟುಂಬಗಳಿಗೆ ಅಲ್ಲಿಯ ಸರಕಾರಿ ರಬ್ಬರ್ ತೋಟಗಳಲ್ಲಿ ಕೆಲಸ ಸಿಕ್ಕಿತು.

ರಬ್ಬರೇ ದೋಷಿಯೋ?

ಹೊಸ ಪಟ್ಟಿಗೆ ರೊಕ್ಕ ಕೊಡುವ ಮುಂಚೆ ತಪ್ಪು ಯಾರದೆಂದು ನೋಡಬೇಕು. ಬಾಗಿಲ ಹೊರಮೈಯಲ್ಲಿ, ಗಾಜು ಒಳಗಿಳಿಯುವ ಸೀಳಿನ ಗುಂಟ ಒಂದು ಪಟ್ಟಿ ಇರುತ್ತದೆ. ಅದು ಗಾಜಿನ ಮೇಲಿನ ನೀರನ್ನು ಒರೆಸುತ್ತದೆ, ಪೂರ್ತಿ ತಡೆಯುವುದಿಲ್ಲ. ಸ್ವಲ್ಪ ನೀರು ಬಾಗಿಲ ಹೊಟ್ಟೆಯೊಳಗೆ ಇಳಿಯುವುದು ಸಹಜ. ಗಾಡಿ ಮಾಡಿದವರಿಗೆ ಇದು ಗೊತ್ತಿದೆ, ಅದಕ್ಕಾಗಿ ಬಾಗಿಲ ತಳದಲ್ಲಿ ನೀರು ಹೋಗಲು ಸಣ್ಣ ತೂತು ಇಟ್ಟಿರುತ್ತಾರೆ. ಒಳಗಡೆ ನೀರು ಸೀಟಿನ ಕಡೆ ಬಾರದಂತೆ ಒಂದು ಪ್ಲಾಸ್ಟಿಕ್ ಹಾಳೆಯನ್ನೂ ಅಂಟಿಸಿರುತ್ತಾರೆ. ತೂತಿನಲ್ಲಿ ಮಣ್ಣು ಕೂತರೆ ನೀರು ಒಳಗೇ ನಿಂತು, ಹೊರಗೆ ಕಾಣದಂತೆ ತಳದ ತಗಡು ತುಕ್ಕು ಹಿಡಿಯುತ್ತದೆ. ಹೊರಗೆ ಬಣ್ಣ ಉಬ್ಬಿದಾಗ ಗೊತ್ತಾಗುತ್ತದೆ, ಆಗ ತಡವಾಗಿರುತ್ತದೆ.

ಇನ್ನು ಕೆಲವರು "ನೀರು ಬರಾಕತ್ತೈತಿ" ಎಂದು ಸಿಲಿಕೋನ್ ತಂದು ಕೆಳಗಿನ ತೂತಿಗೂ ಮೆತ್ತಿಬಿಡುತ್ತಾರೆ. ಇದಕ್ಕಿಂತ ಕೆಟ್ಟ ರಿಪೇರಿ ಇಲ್ಲ! ಕಸಬರಿಗೆಯ ಕಡ್ಡಿಯಿಂದ ತೂತು ಬಿಡಿಸಿರಿ, ಮೇಲಿಂದ ಒಂದು ಲೋಟ ನೀರು ಹಾಕಿ ಕೆಳಗೆ ಬೀಳುತ್ತದೆಯೋ ನೋಡಿರಿ. ಎಷ್ಟೋ ಗಾಡಿಗಳ ಕಾಯಿಲೆ ಇಲ್ಲಿಗೇ ಮುಗಿಯುತ್ತದೆ.

ಆಮೇಲೆ ರಬ್ಬರಿನ ಪರೀಕ್ಷೆ. ರಬ್ಬರಿನ ಮೇಲೆ ಖಡುವನ್ನು ಉದ್ದಕ್ಕೂ ತಿಕ್ಕಿರಿ, ಬಾಗಿಲು ಹಾಕಿ ತೆರೆಯಿರಿ. ಎದುರಿನ ತಗಡು ಅಥವಾ ಗಾಜಿನ ಮೇಲೆ ಬಿಳಿ ಗೆರೆ ಎಲ್ಲಿ ಮೂಡಿಲ್ಲವೋ ಅಲ್ಲಿ ರಬ್ಬರು ಮುಟ್ಟುತ್ತಿಲ್ಲ. ಮುಟ್ಟಿದರೂ ಒತ್ತುತ್ತಿದೆಯೇ ಎಂದು ತಿಳಿಯಲು ವಹಿಯ ಹಾಳೆಯ ಒಂದು ಪಟ್ಟಿಯನ್ನು ನಡುವೆ ಇಟ್ಟು ಬಾಗಿಲು ಹಾಕಿ ಎಳೆಯಿರಿ. ಬಿಗಿಯಾಗಿ ಬಂದರೆ ಸರಿ, ಸರ್‍ರನೆ ಬಂದರೆ ಆ ಜಾಗದ ಒತ್ತಡ ಹೋಗಿದೆ. ಕೊನೆಗೆ ನೀರು. ಒಬ್ಬರು ಬ್ಯಾಟರಿ ಹಿಡಿದು ಒಳಗೆ ಕೂಡಬೇಕು, ಇನ್ನೊಬ್ಬರು ಹೊರಗಿನಿಂದ ಸಣ್ಣ ಧಾರೆ ಬಿಡಬೇಕು. ಕೆಳಗಿನಿಂದ ಶುರುಮಾಡಿ ಮೆಲ್ಲಗೆ ಮೇಲೆ ಹೋಗಿರಿ. ಮೊದಲೇ ಮೇಲಿಂದ ಸುರಿದರೆ ಎಲ್ಲ ಕಡೆ ನೀರಾಗಿ, ಎಲ್ಲಿಂದ ಬಂತೆಂಬುದೇ ತಿಳಿಯುವುದಿಲ್ಲ.

ಬದಲಿಸುವ ಕೆಲಸ

ಇದನ್ನು ದೊಡ್ಡವರ ಜೊತೆಗೇ ಮಾಡಿರಿ. ಗುಂಡಿ ಒತ್ತಿ ಏರಿಸುವ ಗಾಜಿದ್ದರೆ ಮೊದಲು ಬ್ಯಾಟರಿಯ ಋಣ ತುದಿಯನ್ನು ಬಿಚ್ಚಿಸಿರಿ. ಗಾಜಿನ ನಡುವೆ ಬೆರಳು ಸಿಕ್ಕರೆ ಮೋಟಾರಿಗೆ ಕರುಣೆ ಇಲ್ಲ.

ಅಂಗಡಿಗೆ ಹೋಗುವಾಗ ಗಾಡಿಯ ಹೆಸರು, ತಯಾರಾದ ವರ್ಷ ಬರೆದುಕೊಂಡು ಹೋಗಿರಿ. ಜೊತೆಗೆ ಹಳೆಯ ಪಟ್ಟಿಯ ಒಂದು ಸಣ್ಣ ತುಂಡನ್ನೂ ಒಯ್ಯಿರಿ. ಉದ್ದಕ್ಕಿಂತ ಅಡ್ಡ ಕತ್ತರಿಸಿದಾಗ ಕಾಣುವ ಆಕಾರ ಮುಖ್ಯ. ಕೊಳವೆ ಎಷ್ಟು ದಪ್ಪ, ತಗಡನ್ನು ಕಚ್ಚುವ ಬಾಯಿ ಎಷ್ಟು ಅಗಲ ಎಂಬುದು ಹೊಂದಬೇಕು. "ದಪ್ಪ ಇದ್ರ ಚಲೋ" ಎಂದು ದೊಡ್ಡದು ತಂದರೆ ಬಾಗಿಲೇ ಹತ್ತುವುದಿಲ್ಲ.

ಹಳೆಯದನ್ನು ಕೀಳುವ ಮುಂಚೆ ಫೋನಿನಲ್ಲಿ ನಾಲ್ಕು ಕಡೆ ಫೋಟೋ ತೆಗೆಯಿರಿ. ಅದರ ಎರಡು ತುದಿ ಎಲ್ಲಿ ಕೂಡಿವೆ ಎಂದು ನೋಡಿಟ್ಟುಕೊಳ್ಳಿರಿ. ಆ ಕೂಡು ಸಾಮಾನ್ಯವಾಗಿ ಕೆಳಗಡೆ ಇರುತ್ತದೆ, ಹೊಸದರಲ್ಲೂ ಹಾಗೇ ಇರಬೇಕು. ಮೇಲೆ ಬಂದರೆ ಮಳೆಗೆ ಬಾಗಿಲು ತೆರೆದು ಕರೆದಂತೆ. ಪಟ್ಟಿ ತೆಗೆದಮೇಲೆ ತಗಡಿನ ಅಂಚನ್ನು ಸಾಬೂನು ನೀರಿನಿಂದ ತೊಳೆದು ಒಣಗಿಸಿರಿ. ತುಕ್ಕು ಇದ್ದರೆ ಪಾಲಿಶ್ ಕಾಗದದಿಂದ ತಿಕ್ಕಿ ರೆಡ್ ಆಕ್ಸೈಡ್ ಹಚ್ಚಿ, ಪೂರ್ತಿ ಒಣಗಲು ಬಿಡಿರಿ. ಗ್ಯಾರೇಜಿನಲ್ಲಿ ಹಳೆಯ ಅಂಟನ್ನು ಪೆಟ್ರೋಲಿನಿಂದ ಒರೆಸುವುದುಂಟು. ಮನೆಯಂಗಳದಲ್ಲಿ ಅದು ಬೇಡ.

ಕೂಡಿಸುವಾಗ ಒಂದೇ ನಿಯಮ, ಎಳೆಯಬೇಡಿರಿ. ಪಟ್ಟಿ ಬೆರಳಷ್ಟು ಕಡಿಮೆ ಬಿತ್ತೆಂದು ಜಗ್ಗಿ ಮುಟ್ಟಿಸುವುದು ಎಲ್ಲರಿಗೂ ಬರುವ ಆಸೆ. ಜಗ್ಗಿದ ರಬ್ಬರು ಕೆಲವೇ ದಿನದಲ್ಲಿ ಹಿಂದಕ್ಕೆ ಸರಿದು ಕೂಡಿನಲ್ಲಿ ಬಾಯಿ ಬಿಡುತ್ತದೆ. ಜಗ್ಗಿದ್ದರಿಂದ ತೆಳ್ಳಗೂ ಆಗಿರುತ್ತದೆ, ಅಷ್ಟು ಮರು-ಒತ್ತಡ ಕಡಿಮೆ. ಪಟ್ಟಿ ನೈಸರ್ಗಿಕ ರಬ್ಬರಿನದಾಗಿದ್ದರೆ ಬಾಟಲಿಗೆ ಬಿಗಿದ ರಬ್ಬರ್‌ಬ್ಯಾಂಡಿನ ಗತಿಯೇ ಅದಕ್ಕೂ. ಆದ್ದರಿಂದ ಮೊದಲು ಮೂಲೆಗಳನ್ನು ಕೂಡಿಸಿ, ನಡುವಿನ ಭಾಗವನ್ನು ಮೂಲೆಯ ಕಡೆಗೆ ಸ್ವಲ್ಪ ದಬ್ಬುತ್ತ ಅಂಗೈಯಿಂದ ತಟ್ಟಿರಿ. ಕೊನೆಗೆ ಉಳಿದದ್ದನ್ನು ಚೂಪು ಬ್ಲೇಡಿನಿಂದ ನೇರವಾಗಿ ಕತ್ತರಿಸಿರಿ, ಅಕ್ಕಿಕಾಳಿನಷ್ಟು ಹೆಚ್ಚೇ ಬಿಟ್ಟು. ತುದಿಗೆ ತುದಿ ಒತ್ತಿಕೊಂಡು ಕೂಡುತ್ತದೆ.

ಕಾಲುವೆಯಂಥ ಪಟ್ಟಿ ಒಳಗೆ ಹೋಗದೆ ಹಟ ಮಾಡಿದರೆ ಸಾಬೂನು ನೀರು ಹಚ್ಚಿರಿ. ಎಂಜಿನ್ ಆಯಿಲ್, ಡೀಸೆಲ್, ಗ್ರೀಸು ಹಚ್ಚಬೇಡಿರಿ. ಇ.ಪಿ.ಡಿ.ಎಂ. ರಬ್ಬರು ಓಝೋನಿಗೆ ಹೆದರುವುದಿಲ್ಲ, ಆದರೆ ಪೆಟ್ರೋಲಿಯಂ ಎಣ್ಣೆಗೆ ಸೋಲುತ್ತದೆ. ಎರಡೂ ಬರೀ ಇಂಗಾಲ ಮತ್ತು ಹೈಡ್ರೋಜನ್ನಿನವು, ಒಂದರಲ್ಲಿ ಒಂದು ಸೇರಿಕೊಳ್ಳುತ್ತವೆ. ರಬ್ಬರು ಎಣ್ಣೆ ಕುಡಿದು ಉಬ್ಬಿ ಮೆತ್ತಗಾಗುತ್ತದೆ. ಮೊದಲ ದಿನ ಹೊಳಪು ಕಾಣುತ್ತದೆ, ಮೋಸ ಹೋಗಬೇಡಿರಿ. ಹಚ್ಚಲೇಬೇಕೆಂದರೆ ಸಿಲಿಕೋನ್ ಸ್ಪ್ರೇ ಸರಿ.

ಜೀಪಿನ ಟಪ್ಪಿನಂತೆ ಅಂಟಿನಿಂದ ಕೂಡಿಸುವ ಪಟ್ಟಿಯಾದರೆ ಎರಡೂ ಕಡೆ ಅಂಟು ತೆಳ್ಳಗೆ ಹಚ್ಚಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಆರಲು ಬಿಡಿರಿ. ಬೆರಳಿಗೆ ಹತ್ತದೆ ಜಿಗಿ ಮಾತ್ರ ಉಳಿದಾಗ ಒತ್ತಿರಿ. ಹಸಿ ಅಂಟಿನಲ್ಲಿ ಒತ್ತಿದರೆ ದ್ರಾವಕ ಒಳಗೇ ಸಿಕ್ಕಿಕೊಂಡು ಪಟ್ಟಿ ಜಾರುತ್ತದೆ. ಈ ಕೆಲಸ ಬಯಲಲ್ಲಿ ಮಾಡಿರಿ, ಆ ವಾಸನೆ ತಲೆಗೆ ಏರುತ್ತದೆ.

ಎಲ್ಲ ಮುಗಿದಮೇಲೆ ಬಾಗಿಲು ಹಾಕಿ ಒಂದು ರಾತ್ರಿ ಬಿಡಿರಿ. ಮೊದಲ ವಾರ ಬಾಗಿಲು ಸ್ವಲ್ಪ ಜೋರಾಗಿ ಹಾಕಬೇಕಾಗುತ್ತದೆ. ರಬ್ಬರಿನಲ್ಲಿ ಜೀವ ಇದೆ ಅನ್ನುವುದಕ್ಕೆ ಅದೇ ಗುರುತು. ಮರುದಿನ ಮತ್ತೊಮ್ಮೆ ಖಡು, ಹಾಳೆ, ನೀರಿನ ಪರೀಕ್ಷೆ ಮಾಡಿರಿ. ನಮ್ಮ ಜಿಲ್ಲೆಯಲ್ಲಿ ಜೋರು ಮಳೆ ಸೆಪ್ಟೆಂಬರದಲ್ಲಿ ಬರುವುದರಿಂದ ಈ ಕೆಲಸಕ್ಕೆ ಮೇ ಕಡೆಯ ರಜೆಯ ದಿನಗಳು ಒಳ್ಳೆಯವು, ಆದರೆ ಮುಂಜಾನೆ, ಬಿಸಿಲು ಏರುವ ಮುಂಚೆ.

ಮಾಡಿ ನೋಡಿರಿ

ಮನೆಯ ಕುಕ್ಕರಿನ ಹಳೆಯ ರಿಂಗು ಮತ್ತು ಹೊಸ ರಿಂಗು ಎರಡನ್ನೂ ಅಳೆದು, ಹಳೆಯದು ಎಷ್ಟು ತೆಳ್ಳಗಾಗಿದೆ, ಎಷ್ಟು ಹಿಗ್ಗಿದೆ ಎಂದು ಬರೆಯಿರಿ. ಕುಕ್ಕರಿನ ರಿಂಗಿಗೂ ಗಾಡಿಯ ಬೀಡಿಂಗಿಗೂ ಕೆಲಸ ಒಂದೇ, ಆದರೆ ಕುಕ್ಕರಿನಲ್ಲಿ ರಿಂಗನ್ನು ಒತ್ತಲು ಉಗಿಯೂ ಸಹಾಯ ಮಾಡುತ್ತದೆ. ಹೇಗೆ? ಚಿತ್ರ ಬರೆದು ವಿವರಿಸಿರಿ.

ಹೊಸದಿದ್ದಾಗ 14 ಮಿಲಿಮೀಟರ್ ದಪ್ಪ ಇದ್ದ ಬೀಡಿಂಗ್ ಬಾಗಿಲು ಹಾಕಿದಾಗ 9 ಆಗುತ್ತದೆ. ಐದು ವರ್ಷದ ನಂತರ ತೆರೆದಾಗ 11 ಇದೆ. ಎಷ್ಟು ಶೇಕಡಾ ಸತ್ತಿದೆ? ಮತ್ತು ಗಾಡಿಯ ವೇಗ 80ರಿಂದ 40ಕ್ಕೆ ಇಳಿದರೆ ಗಾಜನ್ನು ಹೊರಗೆ ಎಳೆಯುವ ಬಲ 90 ನ್ಯೂಟನ್‌ನಿಂದ ಎಷ್ಟಕ್ಕೆ ಇಳಿಯುತ್ತದೆ? ಅರ್ಧ ಎಂದು ಅವಸರದಲ್ಲಿ ಬರೆಯಬೇಡಿರಿ.